ನಕ್ಷೆಯ ಗೆರೆ ಅಳಿಸಿ ಮತ್ತೆ ಬರೆದ ಸಂಸ್ಥೆ

ನಮ್ಮ ಬಡಾವಣೆಯ ನೀರಿನ ಕೆಲಸಕ್ಕೆ ಬಂದ ಸ್ವಯಂಸೇವಾ ಸಂಸ್ಥೆಯೊಂದರ ಏಳು ಸಭೆಗಳಲ್ಲಿ ಕುಳಿತು ಬಂದವನು ನಾನು. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ.

ಇದಕ್ಕೆ ಮೊದಲು ಬಂದಿದ್ದ ಸಂಸ್ಥೆ ಪ್ರಶ್ನಾವಳಿ ತುಂಬಿಸಿಕೊಂಡು, ಫೋಟೋ ತೆಗೆದುಕೊಂಡು ಹೋಯಿತು. ನಾವು ಹೇಳಿದ್ದು ಏನಾಯಿತೆಂದು ತಿಳಿಸಲು ಯಾರೂ ಮರಳಿ ಬರಲಿಲ್ಲ. ಅಮೆರಿಕದ ನೀತಿ ವಿಶ್ಲೇಷಕಿ ಶೆರ್ರಿ ಅರ್ನ್‌ಸ್ಟೀನ್ 1969ರಲ್ಲೇ ನಾಗರಿಕರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದ್ದರು. ಅಭಿಪ್ರಾಯ ಕೇಳುವುದು ಅದರಲ್ಲಿ ನಾಲ್ಕನೆಯದು. ನಿರ್ಧಾರದಲ್ಲಿ ನಿಜವಾದ ಪಾಲು ಸಿಗುವುದು ಆರನೆಯದರಿಂದ ಮೇಲೆ. ನಮ್ಮನ್ನು ನಾಲ್ಕರಲ್ಲೇ ನಿಲ್ಲಿಸಿ ಹೋಗಿದ್ದರು.

ಈ ಸಂಸ್ಥೆಯವರು ಎರಡನೆಯ ಸಭೆಯಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಬಡಾವಣೆಯ ನಕ್ಷೆ ಬರೆದರು. ನಲ್ಲಿಯ ಗುರುತನ್ನು ಇಳಿಜಾರಿನ ಕೆಳಗೆ, ರಸ್ತೆಯ ಪಕ್ಕದಲ್ಲಿ ಹಾಕಿದ್ದರು. ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು ಬಂದು, "ತುಂಬಿದ ಬಕೆಟ್ ಹಿಡಿದು ಆ ಏರು ಹತ್ತಿದ್ದೀರಾ?" ಎಂದು ಕೇಳಿದರು. ಯುವ ಎಂಜಿನಿಯರ್ ವಾದಿಸಲಿಲ್ಲ. ಸಭೆ ಮುಗಿದ ಮೇಲೆ ಅಜ್ಜಿಯ ಜೊತೆ ಹೋಗಿ, ಬಕೆಟ್ ತುಂಬಿಸಿಕೊಂಡು ಏರು ಹತ್ತಿದರು. ದಾರಿಯಲ್ಲಿ ಎರಡು ಸಲ ಕೆಳಗಿಟ್ಟರು. ಮುಂದಿನ ಸಭೆಯಲ್ಲಿ ಒದ್ದೆ ಬಟ್ಟೆಯಿಂದ ಹಳೆಯ ಗುರುತನ್ನು ಒರೆಸಿದರು; ಸೀಮೆಸುಣ್ಣವನ್ನು ಅಜ್ಜಿಯ ಕೈಗೇ ಕೊಟ್ಟರು. ಇಂದು ನಲ್ಲಿ ಇರುವುದು ಅವರು ಗುರುತು ಹಾಕಿದ ಜಾಗದಲ್ಲೇ.

ಲೆಕ್ಕಪತ್ರವೂ ಚೊಕ್ಕಟ. ಪ್ರತಿ ಹಂತದ ಖರ್ಚಿನ ಪಟ್ಟಿಯನ್ನು ಗೋಡೆಗೆ ಅಂಟಿಸುತ್ತಾರೆ. ಪೈಪಿನ ರಸೀದಿ ಎಲ್ಲಿ ಎಂದು ಒಬ್ಬರು ಕೇಳಿದಾಗ ಮುಖ ಸಿಂಡರಿಸದೆ ತಂದು ತೋರಿಸಿದರು. ದುರಸ್ತಿಗೆ ಐದು ಜನ ನಿವಾಸಿಗಳ ಸಮಿತಿಯಿದೆ, ಸ್ಪ್ಯಾನರ್ ಅವರ ಬಳಿಯೇ ಇರುತ್ತದೆ. ನಲ್ಲಿ ಸೋರತೊಡಗಿದಾಗ ಸಂಸ್ಥೆಗೆ ಫೋನ್ ಮಾಡಬೇಕಾಗಲಿಲ್ಲ. ಸಂಜೆಯೊಳಗೆ ನಮ್ಮವರೇ ವಾಷರ್ ಬದಲಾಯಿಸಿದ್ದರು. ಹೊರಗಿನಿಂದ ಬಂದವರು ಮಾಡಿಕೊಟ್ಟ ಕೆಲಸಕ್ಕೂ ನಾವೇ ಮಾಡಿಕೊಂಡ ಕೆಲಸಕ್ಕೂ ಇರುವ ಅಂತರ ನನಗೆ ಕಂಡದ್ದು ಅಂದು.

ಒಂದು ಅಂಕ ಕಡಿಮೆ ಮಾಡಿದ್ದಕ್ಕೆ ಕಾರಣವಿದೆ. ಮೊದಲ ಮೂರು ಸಭೆಗಳನ್ನು ಬೆಳಿಗ್ಗೆ ಹನ್ನೊಂದಕ್ಕೆ ಕರೆದಿದ್ದರು. ದಿನಗೂಲಿಯವರು ಕೂಲಿ ಬಿಟ್ಟು ಬರುವುದು ಹೇಗೆ? ನಾವು ಹೇಳಿದ ಮೇಲೆ ಸಭೆ ಸಂಜೆಗೆ ಬಂತು. ಆದರೆ ಆಹ್ವಾನದ ಪಟ್ಟಿಯನ್ನು ಮನೆ ಮಾಲೀಕರ ಹೆಸರಿನಲ್ಲಿ ಮಾಡಿದ್ದರಿಂದ ಬಾಡಿಗೆದಾರರು ಹೊರಗೇ ಉಳಿದರು. ಅದೇ ನಲ್ಲಿಯ ನೀರು ಹಿಡಿಯುವ ಅವರಲ್ಲಿ ಒಬ್ಬರೂ ಸಮಿತಿಯಲ್ಲಿಲ್ಲ. ಇದನ್ನು ಬರೆದು ಕೊಟ್ಟಿದ್ದೇನೆ. ಎಂಟನೆಯ ಸಭೆಯಲ್ಲಿ ಚರ್ಚೆಗೆ ಬರುವ ಮೊದಲ ವಿಷಯ ಅದೇ.