ಕಲಬುರಗಿಯಲ್ಲಿ ಡಿಸೈನ್ ಕಲಿಯೋರಿಗೆ: ಕೋರಲ್‌ಡ್ರಾನಾ, ಕ್ಯಾನ್ವಾನಾ?

ಎರಡೂ ಡಿಸೈನ್ ಮಾಡುವ ಸಾಫ್ಟ್‌ವೇರ್. ಕೋರಲ್‌ಡ್ರಾ ಬಂದದ್ದು 1989ರಲ್ಲಿ, ಕ್ಯಾನ್ವಾ 2013ರಲ್ಲಿ. ನಾನು ಎರಡರಲ್ಲೂ ದುಡಿದು ಉಂಡವನು.

ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ ಬೇಕಾದರೆ ಕೋರಲ್ ಕಲಿಯಿರಿ. ಅದರಲ್ಲಿ ಬಿಡಿಸಿದ್ದು ವೆಕ್ಟರ್, ಅಂದರೆ ಚುಕ್ಕಿಗಳಲ್ಲಲ್ಲ, ಗೆರೆಗಳ ಲೆಕ್ಕದಲ್ಲಿ ಉಳಿಯುವ ಚಿತ್ರ. ವಿಸಿಟಿಂಗ್ ಕಾರ್ಡಿನ ಲೋಗೋವನ್ನೇ ಶರಣಬಸವೇಶ್ವರ ಜಾತ್ರೆಯ 20 ಅಡಿ ಬ್ಯಾನರಿಗೆ ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ಹಳೆಯ ಗಿರಾಕಿಗಳ ಫೈಲುಗಳೂ ಅದರಲ್ಲೇ ಇರುತ್ತವೆ, ಜಾಸ್ತಿ ಹಳೆ ನುಡಿ ಫಾಂಟಿನಲ್ಲಿ. ಆ ಅಕ್ಷರವನ್ನು ಸುಮ್ನೆ ಕ್ಯಾನ್ವಾದಲ್ಲಿ ಅಂಟಿಸಿ ನೋಡಿ, ಬರೀ ಇಂಗ್ಲಿಷ್ ಗೀಚು ಕಾಣುತ್ತದೆ. ಮೊದಲು ಯೂನಿಕೋಡಿಗೆ, ಅಂದರೆ ಎಲ್ಲ ಕಡೆ ಒಂದೇ ಥರ ಓದಬರುವ ಅಕ್ಷರ ಸಂಕೇತಕ್ಕೆ, ಬದಲಿಸಬೇಕು. ಇದನ್ನು ಮರೆತು ಒಂದು ಮದುವೆ ಪತ್ರಿಕೆಯನ್ನು ರಾತ್ರಿಯೆಲ್ಲ ಮತ್ತೆ ಟೈಪ್ ಮಾಡಿದ್ದೇನೆ.

ಕ್ಯಾನ್ವಾ ಮೊಬೈಲಿನಲ್ಲೇ ನಡೆಯುತ್ತದೆ, ದುಡ್ಡಿಲ್ಲದೆ ಶುರು ಮಾಡಬಹುದು. ವಾಟ್ಸಾಪ್ ಸ್ಟೇಟಸ್‌ಗೆ ಸಾಕು. ಆದರೆ ಅದನ್ನು ಬಳಸೋದು ಗಿರಾಕಿಗೂ ಬರುತ್ತದೆ, ಅಲ್ವಾ? ನಾನಾದರೆ ಮೊದಲು ಕೋರಲ್ ಮುಂದೆಯೇ ಕೂರುತ್ತೇನೆ.