ತುಮಕೂರಿನಲ್ಲೇ ವೀಣೆ ರಿಪೇರಿ: ಕಿವಿ ಚುರುಕು, ಕೈ ನಿಧಾನ

ವೀಣೆ ರಿಪೇರಿಗೆ ಬೆಂಗಳೂರಿಗೆ ಹೊತ್ತುಕೊಂಡು ಹೋಗಬೇಕಿಲ್ಲ. ತುಮಕೂರಿನ ಅಶೋಕ ರಸ್ತೆ ಕಡೆಯ ಗಲ್ಲಿಯೊಂದರಲ್ಲಿ ಬೋರ್ಡೇ ಇಲ್ಲದ ಪುಟ್ಟ ಅಂಗಡಿ ಇದೆ.

ಸಂಗೀತ ಕಛೇರಿಗಳು ಸಿಗದೆ ಐವತ್ತರ ಹತ್ತಿರ ಊರಿಗೆ ವಾಪಸ್ಸಾದವಳು ನಾನು. ಬಾಡಿಗೆ ಮನೆಯ ಬಿಸಿಲಿಗೆ ವೀಣೆಯ ಮೇಣ ಕರಗಿ, ಅದರಲ್ಲಿ ಕೂರಿಸಿದ ಮೆಟ್ಟಿಲುಗಳು (ಸ್ವರಕ್ಕಾಗಿ ತಂತಿ ಒತ್ತುವ ಲೋಹದ ಪಟ್ಟಿಗಳು) ಓರೆಯಾಗಿದ್ದವು. ಅಂಥದ್ದಕ್ಕೆ 24 ಮೆಟ್ಟಿಲನ್ನೂ ಕಿತ್ತು, ಹೊಸ ಮೇಣ ಹಾಕಿ, ಸ್ವರ ನೋಡಿ ಒಂದೊಂದನ್ನೇ ಕೂರಿಸಬೇಕು. ಅಂಗಡಿಯ ಯಜಮಾನರು ಶ್ರುತಿ ತೋರಿಸುವ ಟ್ಯೂನರ್ ಯಂತ್ರ ಮುಟ್ಟುವುದಿಲ್ಲ, ಎಲ್ಲ ಕಿವಿಯಲ್ಲೇ. ನನ್ನ ಅಂತರ ಗಾಂಧಾರ ಸ್ವರ ಇಷ್ಟು ಶುದ್ಧವಾಗಿ ಯಾವತ್ತೂ ನಿಂತಿರಲಿಲ್ಲ!

"ಕಛೇರಿ ಮಾಡ್ತೀರೇನಮ್ಮ?" ಅಂದರು.

"ಮಾಡ್ತಿದ್ದೆ. ಯಾರೂ ಕೇಳೋಕೆ ಬರ್ಲಿಲ್ಲ."

"ಹಂಗಾದ್ರೆ ವೀಣೆಗೆ ಪಿಕಪ್ ಮೈಕ್ ಬೇಡ ಬಿಡಿ, ದುಡ್ಡು ಉಳೀತು."

ಸಮಾಧಾನ ಹೇಳದ ಮನುಷ್ಯ. ನನಗಂತೂ ಇಷ್ಟವಾಯಿತು.

ದೂರು ಇಲ್ಲವೆಂದಲ್ಲ. ವಾರ ಅಂದವರು ತಿಂಗಳು ದಾಟಿಸಿದರು. ಫೋನ್ ಎತ್ತುವುದೇ ಇಲ್ಲ. ಮಂದ್ರದ (ಕೆಳಸ್ಥಾಯಿಯ) ತಂತಿ ಇನ್ನೂ ಝರ್ ಅನ್ನುತ್ತದೆ, ತಂತಿಗಳನ್ನು ಹೊರುವ ‘ಕುದುರೆ’ ಮೇಲಿನ ಹಿತ್ತಾಳೆ ತಗಡನ್ನು ಮತ್ತೆ ಉಜ್ಜಿಸಬೇಕು. ಕೂಲಿ ಮಾತ್ರ ನ್ಯಾಯವಾದದ್ದು, ಚೌಕಾಸಿ ಮಾಡಬೇಡಿ. ಬೆಳಿಗ್ಗೆಯೇ ಹೋಗಿ, ಊಟದ ನಂತರ ಬಾಗಿಲು ತೆಗೆಯುತ್ತಾರೆ ಅನ್ನೋ ಗ್ಯಾರಂಟಿ ಇಲ್ಲ.