ಸೆಟ್‌ಗೆ ನಾಲ್ಕು ಸ್ಟಾರ್, ‘ಫ್ರೀ ಇನ್‌ಸ್ಟಲೇಶನ್’ಗೆ ಒಂದೇ

ಮಂಗಳೂರಿನ ಕುಲಶೇಖರದ ನಮ್ಮ ಹಂಚಿನ ಮನೆಗೆ 5.1 (ಐದು ಕಡೆಯ ಸೌಂಡ್, ಜೊತೆಗೆ ಬೇಸ್‌ಗೆ ಒಂದು) ಹೋಮ್ ಥಿಯೇಟರ್ ಬಂದು ಕೆಲವು ತಿಂಗಳಾಯಿತು. ಟಿವಿ ಕೆಳಗೆ ಸೌಂಡ್‌ಬಾರ್, ಒಂದು ಸಬ್‌ವೂಫರ್, ಹಿಂದೆ ಇಡಲು ವೈರ್ ಇರುವ ಎರಡು ಪುಟ್ಟ ಸ್ಪೀಕರ್. ಅಂಗಡಿಯ ಹೆಸರು ಬೇಡ, ಮಾಲು ಒಳ್ಳೆಯದೇ ಕೊಟ್ಟಿದ್ದಾರೆ. ನನ್ನ ತಕರಾರು ಅವರ ‘ಫ್ರೀ ಇನ್‌ಸ್ಟಲೇಶನ್’ ಬಗ್ಗೆ.

ಬಂದ ಹುಡುಗನಿಗೆ ಭಾರೀ ಗಡಿಬಿಡಿ. ಟಿವಿ ಹಿಂದೆ ಕೈ ಹಾಕಿ, ಸಿಕ್ಕಿದ ಎಚ್‌ಡಿಎಂಐ ಪೋರ್ಟ್‌ಗೆ ಕೇಬಲ್ ಚುಚ್ಚಿದ. ಸೌಂಡ್ ಇಲ್ಲ. ಅದನ್ನು ಕಿತ್ತು ಆಪ್ಟಿಕಲ್ ಕೇಬಲ್ ಹಾಕಿದ, ಬಂತು. “ಬಂತಲ್ಲ ಅಕ್ಕ, ಇನ್ನೆಂತ?” ಎಂದು ಸಹಿ ಹಾಕಿಸಿಕೊಂಡು ಹೊರಟೇಬಿಟ್ಟ. ರಾತ್ರಿ ಸಿನಿಮಾ ಹಾಕಿದರೆ ಹಿಂದಿನ ಸ್ಪೀಕರ್ ಎರಡೂ ಸುಮ್ನೆ ಕೂತಿವೆ. ಅಂಗಡಿಗೆ ಫೋನ್ ಮಾಡಿದೆ. “ಸ್ಪೀಕರ್ ಫಾಲ್ಟ್ ಇರ್ಬಹುದು ಮೇಡಂ, ಕಂಪನಿಗೆ ಕಂಪ್ಲೇಂಟ್ ಕೊಡಿ” ಅಂದರು.

ಫಾಲ್ಟ್ ಎಂತದ್ದೂ ಇರಲಿಲ್ಲ. ಬಿಜೈ ಕಡೆಯ ಟಿವಿ ರಿಪೇರಿಯವರೊಬ್ಬರು ನಮಗೆ ಪರಿಚಯ, ಅವರನ್ನು ಕರೆಸಿದೆ. ಅವರು ಮೊದಲು ಮಾಡಿದ್ದು ಟಾರ್ಚ್ ಹಿಡಿದು ಟಿವಿ ಹಿಂದೆ ಬರೆದದ್ದನ್ನು ಓದಿದ್ದು. ಮೂರು ಪೋರ್ಟ್‌ಗಳಲ್ಲಿ ಒಂದರ ಪಕ್ಕ ಮಾತ್ರ ಸಣ್ಣ ಅಕ್ಷರದಲ್ಲಿ ‘ಎಆರ್‌ಸಿ’ ಎಂದಿತ್ತು. ಎಚ್‌ಡಿಎಂಐನಲ್ಲಿ ಟಿವಿಯ ಸೌಂಡ್ ಹೊರಗೆ ಹೋಗುವುದು ಅದೊಂದರಿಂದಲೇ. ಕೇಬಲ್ ಅಲ್ಲಿಗೆ ಹೋಯಿತು. ಆಮೇಲೆ ಸೆಟ್ಟಿಂಗ್ಸ್ ತೆಗೆದು ತೋರಿಸಿದರು, ಡಿಜಿಟಲ್ ಆಡಿಯೊ ಔಟ್‌ಪುಟ್ ‘ಪಿಸಿಎಂ’ನಲ್ಲಿತ್ತು. ಆಪ್ಟಿಕಲ್ ಇರಲಿ, ಎಆರ್‌ಸಿ ಇರಲಿ, ಪಿಸಿಎಂ ಇಟ್ಟರೆ ಎಡ-ಬಲ ಎರಡೇ ಚಾನೆಲ್ ಸೌಂಡ್ ಹೋಗುವುದು. ಇಷ್ಟು ಸ್ಪೀಕರಿಗೆ ದುಡ್ಡು ಕೊಟ್ಟು ಬರೀ ಸ್ಟೀರಿಯೊ ಕೇಳುವುದಾ ಮಾರಾಯ್ರೆ! ಅದನ್ನು ‘ಪಾಸ್ ಥ್ರೂ’ (ಬಂದ ಸೌಂಡನ್ನು ಹಾಗೇ ಕಳಿಸುವುದು) ಮಾಡಿದರು. ಕೆಲವು ಟಿವಿಗಳಲ್ಲಿ ‘ಬಿಟ್‌ಸ್ಟ್ರೀಮ್’ ಅಥವಾ ‘ಆಟೋ’ ಅಂತ ಇರುತ್ತದೆ. ಎಚ್‌ಡಿಎಂಐ ಕೇಬಲ್ ಮೂಲಕ ಒಂದೇ ರಿಮೋಟ್‌ನಲ್ಲಿ ಎರಡನ್ನೂ ನಡೆಸುವ ಸಿಇಸಿಯನ್ನೂ ಆನ್ ಮಾಡಿದ್ದರಿಂದ ಈಗ ಟಿವಿ ರಿಮೋಟ್‌ನಲ್ಲೇ ವಾಲ್ಯೂಮ್ ಆಗುತ್ತದೆ. ಅಮ್ಮನಿಗೆ ಎಲ್ಲಕ್ಕಿಂತ ಜಾಸ್ತಿ ಖುಷಿ ಇದೇ.

ಹುಡುಗ ಹಿಂದಿನ ಸ್ಪೀಕರ್‌ಗಳನ್ನು ಶೆಲ್ಫಿನಲ್ಲಿ ಪುಸ್ತಕಗಳ ನಡುವೆ ತುರುಕಿದ್ದ. ಇವರು ಸೋಫಾದ ಎರಡೂ ಬದಿಗೆ, ಸ್ವಲ್ಪ ಹಿಂದೆ, ಕೂತವರ ಕಿವಿಗಿಂತ ತುಸು ಮೇಲೆ ಕೂರಿಸಿದರು. ಮೂಲೆಯಲ್ಲಿ ಗುಂಯ್ ಅನ್ನುತ್ತಿದ್ದ ಸಬ್‌ವೂಫರನ್ನು ಗೋಡೆಯಿಂದ ಈಚೆ ಸರಿಸಿದರು. ಆಮೇಲೆ ಅದೇ ಸಿನಿಮಾ ಹಾಕಿದೆವು. ಮಳೆ ಸೀನ್ ಬಂದದ್ದೇ ತಡ, ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಲು ಹಾಕಿದ್ದ ಅಮ್ಮ ಎದ್ದೇ ಬಿಟ್ಟರು.

ಎಲ್ಲದರಲ್ಲೂ ಹೀಗೆ ಕೇಳಿಸುವುದಿಲ್ಲ. ಸಿನಿಮಾದ ಆಡಿಯೊ ಆಯ್ಕೆಯಲ್ಲಿ 5.1 ಇರಬೇಕು. ನಾನು ಯೂಟ್ಯೂಬಿನಲ್ಲಿ ನೋಡುವ ಯಕ್ಷಗಾನ ಹೆಚ್ಚಿನದೂ ಸ್ಟೀರಿಯೊ. ಅದರಲ್ಲಿ ನಷ್ಟ ಎಂತ ಇಲ್ಲ ಬಿಡಿ, ಬಯಲಾಟದಲ್ಲೂ ಚೆಂಡೆ ಇರುವುದು ಎದುರಿಗೇ ಅಲ್ವಾ? ಸಬ್‌ವೂಫರ್ ಸ್ವಲ್ಪ ಇಳಿಸಿದರೆ ಚೆಂಡೆಯ ಪೆಟ್ಟು ಬಿಡಿಬಿಡಿಯಾಗಿ ಕೇಳುತ್ತದೆ, ಭಾಗವತರ ಪದವೂ ಸ್ಪಷ್ಟ. ಒಂದು ಸ್ಟಾರ್ ಕಳೆದದ್ದು ಹಿಂದಿನ ವೈರ್‌ಗಳಿಗೆ. ನೆಲದಲ್ಲಿ ಹರಿದುಕೊಂಡು ಹೋಗುವ ಅವುಗಳಿಗೆ ಗುಡಿಸುವಾಗ ದಿನಾ ಹಿಡಿಸೂಡಿ ಸಿಕ್ಕಿಕೊಳ್ಳುತ್ತದೆ.

ನಿಮ್ಮ ಮನೆಗೂ ಇಂಥ ಹುಡುಗ ಬಂದರೆ, ಸಹಿ ಹಾಕುವ ಮೊದಲು 5.1 ಇರುವ ಸಿನಿಮಾವನ್ನು ಅವನ ಕೈಯಲ್ಲೇ ಹಾಕಿಸಿ, ಹಿಂದಿನ ಸ್ಪೀಕರ್ ಹತ್ತಿರ ನಿಂತು ಕೇಳಿ. ಮತ್ತೆ, ನಮ್ಮೂರಿನ ಸಿಡಿಲು ಗೊತ್ತುಂಟಲ್ಲ? ಗುಡುಗು ಶುರುವಾಗುವ ಮೊದಲೇ ಪ್ಲಗ್ ಜೊತೆ ಡಿಶ್‌ನ ವೈರನ್ನೂ ತೆಗೆಯಿರಿ. ಅದರಲ್ಲಿ ಬಂದ ಕರೆಂಟು ಸೆಟ್‌ಟಾಪ್ ಬಾಕ್ಸ್, ಟಿವಿ ದಾಟಿ ಎಚ್‌ಡಿಎಂಐ ಹಿಡಿದು ಸೌಂಡ್‌ಬಾರಿಗೂ ಬರಬಹುದು.